ಪೈಪಿಗೆ ವೈರ್ ಸುತ್ತಿದರೆ ಸುಣ್ಣ ಹೆದರಿ ಓಡುತ್ತಾ?

ಈಗಷ್ಟೇ ಅಕ್ಕನ ಮನೆಯಿಂದ ಬಂದೆ. ತಲೆ ಬಿಸಿಯಾಗಿದೆ, ಹಾಗಾಗಿ ಈ ಪೋಸ್ಟ್ ಉದ್ದ ಆಗುತ್ತದೆ. ಓದುವವರು ಓದಿ.

ಟ್ಯಾಂಕಿನಿಂದ ಇಳಿಯುವ ಪೈಪಿನ ಪಕ್ಕ ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆಸಿದ್ದಾರೆ, ನೀರಿನ ಸುಣ್ಣ ಕಟ್ಟದಂತೆ ತಡೆಯುವ ಎಲೆಕ್ಟ್ರಾನಿಕ್ ಮಶೀನ್ ಅಂತೆ. ಅದರಿಂದ ಹೊರಟ ಎರಡು ವೈರು ಪೈಪಿನ ಸುತ್ತ ಒತ್ತೊತ್ತಾಗಿ ಸುತ್ತಿಕೊಂಡಿವೆ. ಹಸಿರು ಲೈಟು ಮಿಣಮಿಣ ಅನ್ನುತ್ತಿದೆ. "ನೋಡಮ್ಮ, ಇನ್ನು ಗೀಸರ್ ಕಾಯಿಲ್‌ಗೆ ಉಪ್ಪು ಕಟ್ಟೋ ಮಾತೇ ಇಲ್ಲ" ಅಂದರು ಭಾವ. ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ನಾನು ಎಷ್ಟು ಕಾಲದಿಂದ ಕೂತಿದ್ದೇನೆ ಅಂತ ನಿಮಗೆಲ್ಲ ಗೊತ್ತು. ಭಾವನಿಗೂ ಗೊತ್ತು. ಕೊಳ್ಳುವ ಮೊದಲು ಒಂದು ಫೋನ್ ಮಾಡಬಹುದಿತ್ತು, ಅಲ್ವಾ?

ವಿಷಯ ಇಷ್ಟೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ನೀರು ಕಾದಾಗ ಬೈಕಾರ್ಬನೇಟ್ ಒಡೆಯುತ್ತದೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ನಾವು ಸುಣ್ಣ ಅನ್ನೋದು, ಕಾಯಿಲ್ ಮೇಲೆ ಗಟ್ಟಿಯಾಗಿ ಕೂರುತ್ತದೆ. ಈ ಡಬ್ಬಿ ಆ ಕ್ಯಾಲ್ಸಿಯಂ ಅನ್ನು ತೆಗೆಯುವುದಿಲ್ಲ. ಇದು ನನ್ನ ಆರೋಪ ಅಲ್ಲ, ಮಾರುವವರೇ ಒಪ್ಪುತ್ತಾರೆ. ಅವರ ಪ್ರಕಾರ ಸುಣ್ಣ ಕ್ಯಾಲ್ಸೈಟ್ ಎಂಬ ಹರಳಾಗುವ ಬದಲು ಅರಾಗೊನೈಟ್ ಎಂಬ ಇನ್ನೊಂದು ಬಗೆಯ ಹರಳು ಆಗುತ್ತದಂತೆ. ಅದು ಅಂಟದೆ ಪುಡಿಯಾಗಿ ನೀರಿನ ಜೊತೆ ಹೋಗುತ್ತದಂತೆ.

ಸರಿ, ನಂಬೋಣ. ಹಾಗಾದರೆ ನಲ್ಲಿ ಮೇಲೆ, ಟೈಲ್ಸ್ ಮೇಲೆ ಹನಿ ಒಣಗಿದರೆ? ನೀರು ಆವಿಯಾಗುತ್ತದೆ, ಅದರಲ್ಲಿದ್ದದ್ದೆಲ್ಲ ಅಲ್ಲೇ ಉಳಿಯುತ್ತದೆ. ಹರಳಿನ ಆಕಾರ ಯಾವುದಾದರೇನು, ಬಿಳಿ ಕಲೆ ಬಿಳಿ ಕಲೆಯೇ. ಸೋಪು ನೊರೆ ಬರುವುದೂ ಜಾಸ್ತಿ ಆಗುವುದಿಲ್ಲ.

ಡೆಮೋಗೆ ಬಂದವನು ಟಿಡಿಎಸ್ ಮೀಟರ್ (ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಅಂದಾಜು ತೋರಿಸುವ ಕಡ್ಡಿ) ಮುಳುಗಿಸಿ ತೋರಿಸಿದನಂತೆ. ಅಯ್ಯೋ! ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಮಾತ್ರ. ಯಾವ ಉಪ್ಪು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗಡಸುತನ ನೋಡಬೇಕಾದರೆ ನೀರಿಗೆ ಬಣ್ಣ ತೋರಿಸುವ ಸೂಚಕ ಸೇರಿಸಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ಹನಿ ಹಾಕಬೇಕು. ಕೆಂಪಗಿದ್ದ ನೀರು ನೀಲಿಗೆ ತಿರುಗುವ ತನಕ ಹನಿ ಎಣಿಸಬೇಕು. ಡಬ್ಬಿಗೆ ಮೊದಲಿನ ನೀರು, ಡಬ್ಬಿ ದಾಟಿದ ನೀರು, ಎರಡಕ್ಕೂ ಅಷ್ಟೇ ಹನಿ ಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಮುಂದಿನ ಮಾತಿಗೆ. ಬಕೆಟ್ ತಳದಲ್ಲಿ ಬಿಳಿ ಪುಡಿ ಕಂಡರೆ "ಹಳೆಯದೆಲ್ಲ ಕಳಚಿ ಬರ್ತಿದೆ, ಮಶೀನ್ ಕೆಲಸ ಮಾಡ್ತಿದೆ." ಪುಡಿ ಕಾಣದಿದ್ದರೆ "ನೋಡಿ, ಎಷ್ಟು ಕ್ಲೀನ್!" ಕಾಯಿಲ್ ಮೇಲೆ ಮತ್ತೆ ಕಟ್ಟಿದರೆ "ಇನ್ನೂ ಸ್ವಲ್ಪ ದಿನ ಕಾಯಿರಿ." ಸೋಲುವ ದಾರಿಯೇ ಇಲ್ಲದ ಪರೀಕ್ಷೆ. ಇಂಥ ಪರೀಕ್ಷೆ ನನಗೂ ಶಾಲೆಯಲ್ಲಿ ಸಿಕ್ಕಿದ್ದರೆ ರ‍್ಯಾಂಕ್ ಗ್ಯಾರಂಟಿ.

"ಪಕ್ಕದ ಮನೆಯವರಿಗೆ ಕೆಲಸ ಮಾಡಿದೆಯಲ್ಲ" ಅಂದರು ಅಕ್ಕ. ಮಾಡಿರಬಹುದು. ಆದರೆ ಡಬ್ಬಿ ಹಾಕಿದ ದಿನವೇ ಅವರು ಗೀಸರ್ ಬಿಚ್ಚಿಸಿ ಆ್ಯಸಿಡ್ ಹಾಕಿ ತೊಳೆಸಿದ್ದಾರೆ. ಹೊಸದಾಗಿ ತೊಳೆದ ಕಾಯಿಲ್ ಡಬ್ಬಿ ಇಲ್ಲದೆಯೂ ಒಂದಷ್ಟು ಕಾಲ ಚೆನ್ನಾಗಿಯೇ ಇರುತ್ತದೆ. ಹೆಸರು ಮಾತ್ರ ಡಬ್ಬಿಗೆ.

ಪೂರ್ತಿ ಸುಳ್ಳು ಅಂತ ಹೇಳುತ್ತಿದ್ದೀಯಾ ಅಂತ ಕೇಳುವವರಿಗೆ: ಕೆಲವು ಪ್ರಯೋಗಗಳಲ್ಲಿ ಸುಣ್ಣ ಕಡಿಮೆ ಕಟ್ಟಿದ್ದುಂಟು, ಒಪ್ಪುತ್ತೇನೆ. ಅದೇ ನೀರು ಮತ್ತೆ ಮತ್ತೆ ಸುತ್ತುವ ಕೂಲಿಂಗ್ ಟವರ್‌ಗಳಲ್ಲಿ (ಕಾರ್ಖಾನೆಗಳಲ್ಲಿ ನೀರು ತಣಿಸುವ ಗೋಪುರ) ಉಪಯೋಗ ಕಂಡಿದೆ ಅನ್ನುವವರೂ ಇದ್ದಾರೆ. ಮನೆಯ ಪೈಪಿನಲ್ಲಿ ನೀರು ಒಂದೇ ಸಲ ಹಾದು ಹೋಗುತ್ತದೆ, ಆಮೇಲೆ ಗೀಸರ್‌ನಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಈ ಡಬ್ಬಿಯ ಅಣ್ಣನಂತಿರುವ, ಆಯಸ್ಕಾಂತದಿಂದ ನೀರು ಸರಿಪಡಿಸುವ ವಿಧಾನದ ಪೇಟೆಂಟ್ ಬೆಲ್ಜಿಯಂನಲ್ಲಿ ಬಂದಿದ್ದು 1945ರಲ್ಲಿ. ಇಷ್ಟು ವರ್ಷ ಆದರೂ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಎಲ್ಲರೂ ಒಪ್ಪುವ ಒಂದು ವಿವರಣೆ ಇಲ್ಲ. ಅಮೆರಿಕದ ಸೇನೆಯ ಎಂಜಿನಿಯರ್‌ಗಳು ಎರಡು ಆಯಸ್ಕಾಂತದ ಸಾಧನ, ಒಂದು ಎಲೆಕ್ಟ್ರಾನಿಕ್ ಸಾಧನ ತಂದು, ಏನೂ ಹಾಕದ ಪೈಪಿನ ಜೊತೆ ಇಟ್ಟು ನೋಡಿದರು. 2001ರ ಅವರ ವರದಿಯಲ್ಲಿ ಮೂರರಿಂದಲೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನನಗೆ ಅಷ್ಟು ಸಾಕು.

ಒಂದು ಗುಟ್ಟು ಹೇಳಲಾ? ನನ್ನ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚು. ನಾನು ಇದನ್ನೇ ಹೇಳಿದರೆ ಮನೆಯಲ್ಲಿ ಎಲ್ಲರೂ ಮೊಬೈಲ್ ನೋಡುತ್ತಾರೆ. ಟೈ ಕಟ್ಟಿಕೊಂಡವನು "ಫ್ರೀಕ್ವೆನ್ಸಿ" ಅಂದರೆ ಕಾಫಿ ಕೊಟ್ಟು ಕೇಳುತ್ತಾರೆ.

ಗಡಸುತನ ನಿಜವಾಗಿ ಇಳಿಯಬೇಕಾದರೆ ರೆಸಿನ್ (ಪ್ಲಾಸ್ಟಿಕ್‌ನಂಥ ಸಣ್ಣ ಮಣಿಗಳು) ಇರುವ ಸಾಫ್ಟ್‌ನರ್ ಬೇಕು. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಅದಕ್ಕೆ ಆಗಾಗ ಉಪ್ಪು ಹಾಕಬೇಕು, ತೊಳೆದ ನೀರು ಚರಂಡಿಗೆ ಹೋಗುತ್ತದೆ, ಕುಡಿಯುವ ನಲ್ಲಿಗೆ ಬೇರೆ ಲೈನ್ ಇದ್ದರೆ ಒಳ್ಳೆಯದು. ತಾಪತ್ರಯ ಇದೆ, ಸುಳ್ಳಿಲ್ಲ. ಅದು ಬೇಡವಾದರೆ ಗೀಸರ್ ಬಿಸಿ ಸ್ವಲ್ಪ ಇಳಿಸಿ. ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕೂರುತ್ತದೆ. ಶವರ್ ಬಿಚ್ಚಿ ಸಿಟ್ರಿಕ್ ಆ್ಯಸಿಡ್ ನೀರಿನಲ್ಲಿ ನೆನೆಸಿಡಿ. ಬುಸುಬುಸು ಗುಳ್ಳೆ ಎದ್ದು ಕಟ್ಟಿದ್ದು ಕರಗುತ್ತದೆ, ವೈರು ಬೇಕಿಲ್ಲ.

ಈಗ ಕೆಳಗೆ "ನಮ್ಮನೇಲಿ ಸೂಪರ್ ಆಗಿದೆ ಮೇಡಂ" ಅಂತ ಬರೆಯುವವರು ಬರುತ್ತಾರೆ, ಗೊತ್ತು. ದಯವಿಟ್ಟು ಬರೆಯಿರಿ. ಜೊತೆಗೆ ಗೀಸರ್ ಬಿಚ್ಚಿಸಿ ಕಾಯಿಲ್ ಫೋಟೋ ಹಾಕಿ. ಹಸಿರು ಲೈಟಿನ ಫೋಟೋ ಹಾಕಿದವರಿಗೆ ಲೈಕ್ ಇಲ್ಲ.