ಲಿಂಕನ್‌ಗೆ 93.87 ಬಂತು, ಉಳಿದ 6.13 ಎಲ್ಲಿ ಹೋಯಿತು?

ಅಮೆರಿಕದ ಮೇಷ್ಟ್ರುಗಳಿಗೆ ಸತ್ತವರ ಉತ್ತರಪತ್ರಿಕೆ ತಿದ್ದುವುದೆಂದರೆ ಬಲು ಖುಷಿ. 1948ರಲ್ಲಿ ಹಾರ್ವರ್ಡಿನ ಆರ್ಥರ್ ಶ್ಲೆಸಿಂಜರ್ 55 ಪಂಡಿತರನ್ನು ವಿಚಾರಿಸಿ, ಯಾವ ಅಧ್ಯಕ್ಷರು ಮಹಾನ್, ಯಾರು ಫೇಲು ಎಂಬ ಪಟ್ಟಿಯನ್ನು ‘ಲೈಫ್’ ಪತ್ರಿಕೆಯಲ್ಲಿ ಹಾಕಿಸಿದರು. ಅಲ್ಲಿಂದ ಹಿಡಿದ ಚಟ ಇನ್ನೂ ಬಿಟ್ಟಿಲ್ಲ. ಆಗ ಬರೀ ದರ್ಜೆಯಿತ್ತು, ಈಗ ದಶಮಾಂಶಕ್ಕೆ ಇಳಿದಿದ್ದಾರೆ. 2024ರಲ್ಲಿ 154 ವಿದ್ವಾಂಸರು ನೂರಕ್ಕೆ ಇಷ್ಟೆಂದು ಅಂಕ ಕೊಟ್ಟರು: ಲಿಂಕನ್ 93.87, ಫ್ರಾಂಕ್ಲಿನ್ ರೂಸ್‌ವೆಲ್ಟ್ 90.83, ವಾಷಿಂಗ್ಟನ್ 90.32.

ರೂಸ್‌ವೆಲ್ಟರು ವಾಷಿಂಗ್ಟನ್ನರನ್ನು 0.51 ಅಂಕದಿಂದ ಹಿಂದೆ ಹಾಕಿದ್ದಾರೆ. ಯಾವ ಪ್ರಶ್ನೆಯಲ್ಲಿ ಅಂತ ಕೇಳಬೇಡಿ. ಒಬ್ಬರು ದೇಶ ಕಟ್ಟಿ, ಎರಡೇ ಅವಧಿ ಸಾಕೆಂದು ಎದ್ದು ಮನೆಗೆ ನಡೆದವರು. ಇನ್ನೊಬ್ಬರು ನಾಲ್ಕು ಸಲ ಗೆದ್ದು, ಹಿಟ್ಲರನ ಕಾಲದಲ್ಲಿ ದೇಶ ಕಾದವರು. 1942ರಲ್ಲಿ ಒಂದು ಆದೇಶಕ್ಕೆ ಸಹಿ ಹಾಕಿ, ಜಪಾನ್ ಮೂಲದ ಸುಮಾರು 1.2 ಲಕ್ಷ ಜನರನ್ನು ಬೇಲಿಯೊಳಗೆ ಕೂಡಿಹಾಕಿದವರೂ ಇವರೇ. ಅದಕ್ಕೆಷ್ಟು ಕಳೆದರು? ವಾಷಿಂಗ್ಟನ್ನರ ಕೃತಕ ದಂತಪಂಕ್ತಿಯಲ್ಲಿ ಬೇರೆ ಮನುಷ್ಯರ ಹಲ್ಲುಗಳಿದ್ದವು, ತೋಟದ ತುಂಬ ಗುಲಾಮರಿದ್ದರು. ಅದಕ್ಕೆಷ್ಟು? ಅಂಕಪಟ್ಟಿಯಲ್ಲಿ ಮೊತ್ತ ಮಾತ್ರ ಕಾಣುತ್ತದೆ. ಮಿನ್ನೆಸೋಟದಲ್ಲಿ 1862ರ ಡಿಸೆಂಬರಿನಲ್ಲಿ ಡಕೋಟಾ ಎಂಬ ಮೂಲನಿವಾಸಿ ಜನಾಂಗದ 38 ಮಂದಿಯನ್ನು ಒಂದೇ ದಿನ ನೇಣಿಗೇರಿಸಲು ಒಪ್ಪಿಗೆ ಕೊಟ್ಟವರು ಲಿಂಕನ್. ಮುನ್ನೂರಕ್ಕೂ ಹೆಚ್ಚು ಮಂದಿಗೆ ಆಗಿದ್ದ ಮರಣದಂಡನೆಯಲ್ಲಿ ಬಹುಪಾಲನ್ನು ತಪ್ಪಿಸಿದವರೂ ಅವರೇ. ಕಡಿತವಾದ 6.13ರಲ್ಲಿ ಇದೂ ಸೇರಿದೆಯೋ, ಅಥವಾ ಅಕ್ಷರ ಚೆನ್ನಾಗಿಲ್ಲವೆಂದು ಕಳೆದರೋ, ತಿದ್ದಿದವರೇ ಬಲ್ಲರು.

ನನ್ನ ಮೆಚ್ಚಿನ ಅಧ್ಯಕ್ಷರು ವಿಲಿಯಂ ಹೆನ್ರಿ ಹ್ಯಾರಿಸನ್. ವಯಸ್ಸು 68. 1841ರ ಮಾರ್ಚ್ 4ರಂದು, ಮೈ ಕೊರೆಯುವ ಚಳಿಯಲ್ಲಿ, ಕೋಟು ಹ್ಯಾಟು ಯಾವುದೂ ಇಲ್ಲದೆ ನಿಂತು 8,445 ಪದಗಳ ಭಾಷಣ ಬಿಗಿದರು. ಹತ್ತಿರ ಹತ್ತಿರ ಎರಡು ಗಂಟೆ. ಅದೂ ಅವರ ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ ಕತ್ತರಿಸಿದ ಮೇಲೆ ಉಳಿದದ್ದು! ರೋಮನ್ ಇತಿಹಾಸ ಅದರಲ್ಲಿ ಎಷ್ಟು ತುಂಬಿತ್ತೆಂದರೆ, ಹದಿನೇಳು ಮಂದಿ ರೋಮನ್ ಅಧಿಕಾರಿಗಳನ್ನು ಕೊಂದು ಬಂದೆ ಎಂದು ವೆಬ್‌ಸ್ಟರ್ ಹೇಳಿಕೊಂಡರಂತೆ. ಭಾಷಣವಾದ ಮೂರು ವಾರಕ್ಕೆ ಹ್ಯಾರಿಸನ್ ಹಾಸಿಗೆ ಹಿಡಿದರು, ಏಪ್ರಿಲ್ 4ಕ್ಕೆ ತೀರಿಕೊಂಡರು. ಶ್ಲೆಸಿಂಜರ್ ಮೇಷ್ಟ್ರಿಗೆ ಮರ್ಯಾದೆಯಿತ್ತು, ಇವರನ್ನು ಗೈರುಹಾಜರಿ ಎಂದು ಪಟ್ಟಿಯಿಂದ ಬಿಟ್ಟಿದ್ದರು. ಸಿ-ಸ್ಪ್ಯಾನ್ ವಾಹಿನಿಯವರು ಬಿಡಲಿಲ್ಲ. ಅವರದು ಹತ್ತು ವಿಷಯದ ಪರೀಕ್ಷೆ. ಆರ್ಥಿಕ ನಿರ್ವಹಣೆ, ವಿದೇಶ ಸಂಬಂಧ, ಸಂಸತ್ತಿನೊಂದಿಗೆ ಸಂಬಂಧ, ನೈತಿಕ ಅಧಿಕಾರ ಹೀಗೆ. ಹ್ಯಾರಿಸನ್ ಹತ್ತರಲ್ಲೂ ಅಂಕ ಪಡೆದಿದ್ದಾರೆ! ಅವರು ಕರೆದ ಸಂಸತ್ತಿನ ವಿಶೇಷ ಅಧಿವೇಶನ ಸೇರುವ ಹೊತ್ತಿಗೆ ಅವರೇ ಇರಲಿಲ್ಲ ಎಂಬುದು ಬೇರೆ ಮಾತು.

2021ರ ಸಿ-ಸ್ಪ್ಯಾನ್ ಪಟ್ಟಿಯಲ್ಲಿ ಹ್ಯಾರಿಸನ್ 40ನೆಯವರು. ಅವರ ಕೆಳಗೆ ಇನ್ನೂ ನಾಲ್ವರಿದ್ದಾರೆ: ಟ್ರಂಪ್, ಪಿಯರ್ಸ್, ಆಂಡ್ರ್ಯೂ ಜಾನ್ಸನ್, ಕಟ್ಟಕಡೆಗೆ ಬ್ಯುಕ್ಯಾನನ್. ಜೇಮ್ಸ್ ಬ್ಯುಕ್ಯಾನನ್ ಅಂದರೆ ಸಾಮಾನ್ಯರಲ್ಲ. ಎರಡೂ ಸದನಗಳ ಸದಸ್ಯ, ರಷ್ಯಕ್ಕೂ ಬ್ರಿಟನ್ನಿಗೂ ರಾಯಭಾರಿ, ವಿದೇಶಾಂಗ ಕಾರ್ಯದರ್ಶಿ, ಎಲ್ಲ ಆಗಿ ಬಂದವರು. ದಕ್ಷಿಣದ ರಾಜ್ಯಗಳು ದೇಶ ಒಡೆಯಲು ಹೊರಟಾಗ, ಒಡೆಯುವುದು ಕಾನೂನುಬಾಹಿರ, ಆದರೆ ತಡೆಯಲು ನನಗೆ ಅಧಿಕಾರವಿಲ್ಲ ಎಂದು ಕೈಚೆಲ್ಲಿದರು. ಇಷ್ಟು ಅನುಭವಿಗಿಂತ ಹಾಸಿಗೆಯಲ್ಲಿದ್ದವರೇ ಮೇಲು ಎಂದು ತೀರ್ಪಾಯಿತು. ಈ ಒಂದು ವಿಷಯದಲ್ಲಿ ನಾನೂ ಪಂಡಿತರ ಪಕ್ಷ.

ಇನ್ನೊಂದು ಸೌಲಭ್ಯ ಮರುಮೌಲ್ಯಮಾಪನ. ಶುಲ್ಕವಿಲ್ಲ, ಸತ್ತಿದ್ದರೆ ಇನ್ನೂ ಒಳ್ಳೆಯದು. 1885ರಲ್ಲಿ ಕಣ್ಣು ಮುಚ್ಚಿದ ಗ್ರಾಂಟ್ 1948ರಲ್ಲಿ ಫೇಲು. ಸಿ-ಸ್ಪ್ಯಾನ್ ಪಟ್ಟಿಯಲ್ಲಿ 2000ಕ್ಕೆ 33, 2021ಕ್ಕೆ 20. ಆಂಡ್ರ್ಯೂ ಜಾಕ್ಸನ್ 1948ರಲ್ಲಿ ಮಹಾನ್ ಸಾಲಿನಲ್ಲಿದ್ದವರು. ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದ 1830ರ ಕಾಯ್ದೆ ನಿಧಾನಕ್ಕೆ ನೆನಪಾಗಿ 22ಕ್ಕೆ ಕುಸಿದರು. ಕಾಗದದ ಹಣ ಕಂಡರೆ ಉರಿದು ಬೀಳುತ್ತಿದ್ದ ಮನುಷ್ಯನನ್ನು ಇಪ್ಪತ್ತು ಡಾಲರ್ ನೋಟಿನ ಮೇಲೆ ಕೂರಿಸಿದ್ದಾರೆ, ಅದೊಂದು ಶಿಕ್ಷೆ ಸಾಲದೇ? ಇನ್ನು ಜಾರ್ಜ್ ಡಬ್ಲ್ಯು. ಬುಷ್. ಇರಾಕಿನಲ್ಲಿ ಇಲ್ಲದ ಅಸ್ತ್ರ ಹುಡುಕಲು ಹೋದ ಪುಣ್ಯಾತ್ಮರು 2009ರಲ್ಲಿ 36, 2021ರಲ್ಲಿ 29. ನಡುವೆ ಅವರು ಮಾಡಿದ್ದೆಂದರೆ ಚಿತ್ರ ಬರೆದದ್ದು, ಮತ್ತು 2018ರಲ್ಲಿ ಸೆನೆಟರ್ ಮೆಕೇನ್ ಅಂತ್ಯಕ್ರಿಯೆಯಲ್ಲಿ ಮಿಶೆಲ್ ಒಬಾಮಾ ಕೈಗೆ ಒಂದು ಮಿಠಾಯಿ ದಾಟಿಸಿದ್ದು.

ನಮ್ಮವರ ಹತ್ತಿರ ಬೇರೆಯೇ ತಕ್ಕಡಿಯಿದೆ. ಅರುವತ್ತು ಎಪ್ಪತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಶಾಲೆಗಳಲ್ಲಿ ಓದಿದವರಿಗೆ ಅಮೆರಿಕವೆಂದರೆ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ. ಆ ಧಾನ್ಯಕ್ಕೆ ದಾರಿ ಮಾಡಿದ 1954ರ ಪಿ.ಎಲ್. 480 ಕಾಯ್ದೆಗೆ ಸಹಿ ಹಾಕಿದವರು ಐಸೆನ್‌ಹೋವರ್. ಹತ್ತು ವರ್ಷದ ಮೇಲೆ ಬರ ಬಂದಾಗ ಗೋಧಿಯ ಹಡಗುಗಳನ್ನು ಅಳೆದು ಸುರಿದು ಬಿಟ್ಟವರು ಲಿಂಡನ್ ಜಾನ್ಸನ್. ವಿಯೆಟ್ನಾಂ ಯುದ್ಧವನ್ನು ದೆಹಲಿ ಟೀಕಿಸುತ್ತಿತ್ತಲ್ಲ! ಉಪ್ಪಿಟ್ಟಿನ ವಿಷಯ ಸಿ-ಸ್ಪ್ಯಾನಿನ ಹತ್ತರಲ್ಲಿ ಇಲ್ಲ.

ಕಾಗದದಲ್ಲಾದರೆ ತಿದ್ದಬಹುದು, ಬಂಡೆಯಲ್ಲಿ ಬರೆದರೆ? ದಕ್ಷಿಣ ಡಕೋಟಾದ ರಶ್‌ಮೋರ್ ಬೆಟ್ಟದಲ್ಲಿ 1927ರಿಂದ 1941ರವರೆಗೆ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೊರೆದರು, ಒಂದೊಂದೂ ಅರುವತ್ತು ಅಡಿ. ಜೆಫರ್ಸನ್ನರನ್ನು ಮೊದಲು ವಾಷಿಂಗ್ಟನ್ನರ ಬಲಕ್ಕೆ ಕೆತ್ತಲು ಶುರುಮಾಡಿ, ಕಲ್ಲು ಸರಿಯಿಲ್ಲವೆಂದು 1934ರಲ್ಲಿ ಡೈನಮೈಟ್ ಇಟ್ಟು ಉಡಾಯಿಸಿ, ಎಡಕ್ಕೆ ಹೊಸದಾಗಿ ಕೆತ್ತಿದರು. ಎಲ್ಲರೂ ಸಮಾನರು ಎಂದು ಬರೆದು, ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದವರಿಗೆ ನೆಟ್ಟಗಿನ ಬಂಡೆ ಸಿಗುವುದು ಕಷ್ಟವೇ. ಬೆಟ್ಟದ ಹೆಸರೂ ನಾಲ್ವರದಲ್ಲ. ಗಣಿಯ ಕಾಗದಪತ್ರ ನೋಡಲು ಬಂದಿದ್ದ ನ್ಯೂಯಾರ್ಕಿನ ಒಬ್ಬ ವಕೀಲರದು! ಆ ಸೀಮೆಯನ್ನು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನಕ್ಕೆ ಬಿಟ್ಟುಕೊಟ್ಟು 1868ರಲ್ಲಿ ಒಪ್ಪಂದವಾಗಿತ್ತು. ಕಿತ್ತುಕೊಂಡದ್ದು ತಪ್ಪು, ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ದುಡ್ಡು ಬೇಡ, ಗುಡ್ಡ ಕೊಡಿ ಎಂದು ಅವರು ಕೂತಿದ್ದಾರೆ; ಹಣ ಬಡ್ಡಿ ಬೆಳೆದು ನೂರು ಕೋಟಿ ಡಾಲರ್ ದಾಟಿದೆ. ಇಷ್ಟರ ನಡುವೆ 2025ರ ಜನವರಿಯಲ್ಲಿ, ಅಲ್ಲಿಗೆ ಟ್ರಂಪ್ ಮುಖವನ್ನೂ ಸೇರಿಸಬೇಕೆಂದು ಸಂಸತ್ತಿನಲ್ಲಿ ಮಸೂದೆ ಮಂಡನೆಯಾಯಿತು.

2024ರ ಆ ದಶಮಾಂಶದ ಪಟ್ಟಿಯಲ್ಲಿ ಟ್ರಂಪ್ ಅವರಿಗೆ ಬಂದದ್ದು 10.92, ಎಲ್ಲರಿಗಿಂತ ಕೊನೆ. ನಪಾಸಾದವರು ಹೆಡ್‌ಮಾಸ್ಟರಾಗಿ ವಾಪಸ್ ಬಂದರೆ ಏನಾಗುತ್ತದೆಂದು ಮೇಷ್ಟ್ರುಗಳು ಯೋಚಿಸಿರಲಿಲ್ಲ. 2025ರಲ್ಲಿ ಶ್ವೇತಭವನದ ಪಡಸಾಲೆಯಲ್ಲಿ ಅಧ್ಯಕ್ಷರ ಪಟಗಳು ಸಾಲಾಗಿ ಮೇಲೇರಿದವು. ಬೈಡನ್ ಪರವಾಗಿ ಯಂತ್ರವೇ ಸಹಿ ಹಾಕುತ್ತಿತ್ತೆಂಬುದು ಟ್ರಂಪ್ ಅವರ ದೂರು, ಹಾಗಾಗಿ ಬೈಡನ್ ಜಾಗದಲ್ಲಿ ಮುಖದ ಬದಲು ಸಹಿ ಹಾಕುವ ಯಂತ್ರದ ಪಟ. ವರ್ಷದ ಕೊನೆಗೆ ಪಟಗಳ ಕೆಳಗೆ ಒಬ್ಬೊಬ್ಬರ ಸಾಧನೆ ಕೊರೆದ ಫಲಕಗಳೂ ಬಂದವು. ಬೈಡನ್ ಅಲ್ಲಿ ಇತಿಹಾಸದಲ್ಲೇ ಅತಿ ಕೆಟ್ಟವರು. ಬ್ಯುಕ್ಯಾನನ್ ಕೊನೆಗೂ ಬಚಾವ್. ರೇಗನ್ನರ ಫಲಕದಲ್ಲಿ, ಅವರು ಟ್ರಂಪ್ ಅವರ ಅಭಿಮಾನಿಯಾಗಿದ್ದರೆಂದೂ ಬರೆದಿದೆ. ರೇಗನ್ 2004ರಲ್ಲೇ ತೀರಿಕೊಂಡಿರುವುದರಿಂದ ಈವರೆಗೆ ಆಕ್ಷೇಪಣೆ ಸಲ್ಲಿಕೆಯಾಗಿಲ್ಲ.