ಅರವತ್ತರ ಗುಳಿಗೆ ಹತ್ತಕ್ಕೆ ಇಳಿದಾಗ ಮೇಷ್ಟ್ರು ಕೇಳಿದ್ದು

2025ರ ಮಾರ್ಚ್ ಕೊನೆಯ ವಾರ. ದಾವಣಗೆರೆಯ ಪಿ.ಜೆ. ಬಡಾವಣೆ ಕಡೆಯ ನಮ್ಮ ಮೆಡಿಕಲ್ ಶಾಪಿಗೆ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. ತಿಂಗಳಿಗೊಮ್ಮೆ ತಪ್ಪದೆ ಬರುವವರು. ಶುಗರ್‌ಗೆ ಎಂಪಾಗ್ಲಿಫ್ಲೋಜಿನ್ ನುಂಗುತ್ತಾರೆ. ಅಲ್ಲಿವರೆಗೆ ಒಂದು ಗುಳಿಗೆಗೆ 60 ರೂಪಾಯಿ ಆಸುಪಾಸು ಬೀಳುತ್ತಿತ್ತು. ಆವತ್ತು ಡಾಕ್ಟರು ಚೀಟಿಯಲ್ಲಿ ಬೇರೆ ಕಂಪನಿಯ ಹೆಸರು ಬರೆದಿದ್ದರು. ಔಷಧ ಅದೇ, ಗುಳಿಗೆಗೆ 10 ರೂಪಾಯಿ ಒಳಗೆ. ಮೇಷ್ಟ್ರು ಬಿಲ್ ನೋಡಿದರು. ಕನ್ನಡಕ ಮೇಲೇರಿಸಿ ನನ್ನ ಮುಖ ನೋಡಿದರು.

"ಏನಪಾ, ಇಷ್ಟು ದಿನ ನನ್ನ ಪೆನ್ಶನ್ ಹೊಡೀತಿದ್ದಿಯೇನು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ಚುಚ್ಚಿತು. ಸ್ಟೂಲ್ ಹಾಕಿ ಕೂರಿಸಿ ಹೇಳಿದೆ: ಸಾರ್, ಇದೇ ತಿಂಗಳು ಆ ಔಷಧದ ಪೇಟೆಂಟ್ ಮುಗಿದಿದೆ. ಇನ್ನು ಯಾರು ಬೇಕಾದರೂ ಮಾಡಿ ಮಾರಬಹುದು. ಹತ್ತಾರು ಕಂಪನಿಗಳು ಒಟ್ಟಿಗೆ ಇಳಿದಿವೆ, ಅದಕ್ಕೇ ರೇಟು ಬಿದ್ದಿದೆ. ಮೇಷ್ಟ್ರು ತಲೆ ಆಡಿಸಿದರು. ಚೀಲಕ್ಕೆ ಗುಳಿಗೆ ಹಾಕಿಕೊಂಡು ಎದ್ದು ನಿಂತವರು ತಿರುಗಿ ಇನ್ನೊಂದು ಕೇಳಿದರು.

"ಹಂಗಾರೆ ಈ ಹತ್ತು ರೂಪಾಯಿದ್ರಾಗೆ ಎಲ್ಲಿ ಕಡಿತ ಮಾಡ್ಯಾರೆ?"

ಗುಣಮಟ್ಟದಲ್ಲಿ ಕಡಿತ ಇಲ್ಲ ಸಾರ್ ಅಂದೆ. ಅದು ನಿಜವೇ. 60 ರೂಪಾಯಿಯಲ್ಲಿ ಗುಳಿಗೆ ಮಾಡುವ ಖರ್ಚು ಚಿಲ್ಲರೆ. ಉಳಿದದ್ದು ಸಂಶೋಧನೆ, ವರ್ಷಗಟ್ಟಲೆಯ ಟ್ರಯಲ್, ಅರ್ಧದಲ್ಲಿ ಕೈಕೊಟ್ಟ ಬೇರೆ ಔಷಧಗಳ ಲೆಕ್ಕ, ಮತ್ತೆ ಬೇರೆ ಯಾರೂ ಮಾರುವಂತಿಲ್ಲ ಎಂಬ ಧೈರ್ಯ. ಆದರೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ. ಓದುವ ತಾಳ್ಮೆ ಇದ್ದವರು ಓದಿ.

ಮೊದಲು ನಾನು ಯಾವ ಕಡೆ ಅಂತ ಹೇಳಿಬಿಡ್ತೀನಿ. ಅಗ್ಗದ ಔಷಧದ ಕಡೆ. ಎರಡು ಮಾತಿಲ್ಲ.

ನಮ್ಮ ದೇಶದಲ್ಲಿ ಔಷಧ ಅಗ್ಗ ಆಗಿದ್ದು ಯಾರೋ ಕರುಣೆ ತೋರಿಸಿದ್ದರಿಂದಲ್ಲ, ಕಾನೂನಿನಿಂದ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಒಂದು ವರದಿ ಕೊಟ್ಟರು. ಅದರ ಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು, 1972ರಲ್ಲಿ ಜಾರಿಯಾಯಿತು. ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಅಂತ ಅದರಲ್ಲಿತ್ತು. ನಮ್ಮೂರಿನ ಭಾಷೆಯಲ್ಲಿ ಹೇಳಬೇಕೆಂದರೆ, ಮಂಡಕ್ಕಿ ಯಾರ ಸ್ವತ್ತೂ ಅಲ್ಲ. ನಿನ್ನ ಭಟ್ಟಿಯಲ್ಲಿ ಹುರಿಯುವ ಕ್ರಮ ನಿನ್ನದು. ಬೇರೆ ಕ್ರಮದಲ್ಲಿ ಅದೇ ಮಂಡಕ್ಕಿ ಮಾಡಿದರೆ ನೀನು ಜಗಳಕ್ಕೆ ಬರುವಂತಿಲ್ಲ. ಇಷ್ಟೇ. ಇದೊಂದರಿಂದ ನಮ್ಮ ಕೆಮಿಸ್ಟ್‌ಗಳು ಹೊಸ ಹೊಸ ದಾರಿ ಹುಡುಕುವುದರಲ್ಲಿ ಎಷ್ಟು ಪಳಗಿದರು ಅಂದರೆ, 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಏಡ್ಸ್‌ನ ಮೂರು ಔಷಧ ಸೇರಿಸಿ ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀನಿ ಅಂದರು. ಆಗ ಹೊರದೇಶದ ಕಂಪನಿಗಳ ದರ 10,000 ಡಾಲರ್ ದಾಟಿತ್ತು.

2005ರಲ್ಲಿ ಕಾಯ್ದೆ ಬದಲಾಯಿತು. ಔಷಧಕ್ಕೇ 20 ವರ್ಷದ ಪೇಟೆಂಟ್ ಬಂತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ತಪ್ಪಿಸುವಂತಿರಲಿಲ್ಲ. ಆದರೆ ನಮ್ಮವರು ಆಗ 3(ಡಿ) ಅಂತ ಒಂದು ಕಲಂ ಸೇರಿಸಿದರು. ಹಳೇ ಔಷಧಕ್ಕೆ ಸ್ವಲ್ಪ ರೂಪ ಬದಲಿಸಿ ಹೊಸ ಪೇಟೆಂಟ್ ಕೇಳುವಂತಿಲ್ಲ, ಹಳೆಯದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತೋರಿಸಬೇಕು. ಇದರ ಮೇಲೇ ರಕ್ತದ ಕ್ಯಾನ್ಸರ್ ಔಷಧ ಗ್ಲಿವೆಕ್ ವಿಷಯದಲ್ಲಿ ನೊವಾರ್ಟಿಸ್ ಕಂಪನಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ತಿಂಗಳಿಗೆ ಲಕ್ಷದ ಮೇಲಿದ್ದ ಔಷಧ ಜೆನೆರಿಕ್‌ನಲ್ಲಿ, ಅಂದರೆ ಬೇರೆ ಕಂಪನಿಗಳು ಮಾಡಿದ ಅದೇ ಔಷಧವಾಗಿ, ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಆ ಬಾಗಿಲು ಮುಚ್ಚಲಿಲ್ಲ.

ಪೇಟೆಂಟ್ ಅಂದರೇ ದರೋಡೆ ಅನ್ನುವವರ ಜೊತೆ ನಾನಿಲ್ಲ. ಹೊಸ ಔಷಧ ಹುಡುಕುವವನಿಗೆ ದುಡ್ಡು ಸಿಗಲೇಬೇಕು. ಮೇಷ್ಟ್ರು ಈಗ ನುಂಗುವ ಹತ್ತು ರೂಪಾಯಿ ಗುಳಿಗೆ, ಯಾರೋ ಅರವತ್ತರ ಆಸೆಯಿಂದ ಹುಡುಕಿದ್ದು. ಜೆನೆರಿಕ್ ಅಂದರೇ ಕಳಪೆ ಅನ್ನುವವರ ಜೊತೆ ಮಾತಾಡೋಕೆ ನನಗೆ ಪುರುಸೊತ್ತಿಲ್ಲ.

ಈಗ ಮೇಷ್ಟ್ರ ಪ್ರಶ್ನೆಗೆ ಬರ್ತೀನಿ. ಅದಕ್ಕೆ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮ ಮೂಲ ಚಳ್ಳಕೆರೆ ಕಡೆ. 2004ರಿಂದ ಕೆಲವು ವರ್ಷ ಅಲ್ಲೇ ಒಂದು ಮೆಡಿಕಲ್‌ನಲ್ಲಿ ಕೆಲಸಕ್ಕಿದ್ದೆ. ಕುರಿಯವರು ಬರುತ್ತಿದ್ದರು. ಕುರಿ ಕುಂಟಿದರೆ, ಮೈ ಬಿಸಿಯಾದರೆ, ಅವರೇ ಸೂಜಿ ಹಾಕಿಕೊಳ್ಳುತ್ತಿದ್ದರು. ಕೇಳುತ್ತಿದ್ದದ್ದು 'ನೋವಿಂದು ದೊಡ್ಡ ಬಾಟ್ಲಿ'. ಅಂದರೆ 30 ಎಂಎಲ್ ಡೈಕ್ಲೋಫಿನಾಕ್. ಅಗ್ಗ, ಬೇಗ ಕೆಲಸ ಮಾಡುತ್ತದೆ, ಒಂದು ಬಾಟಲಿ ಹಿಂಡಿಗೆಲ್ಲ ಸಾಕು. 2006ರಲ್ಲಿ ಸರಕಾರ ದನಕರುಗಳಿಗೆ ಡೈಕ್ಲೋಫಿನಾಕ್ ನಿಷೇಧಿಸಿತು. ಬಾಟಲಿ ಮೇಲೆ ಮನುಷ್ಯರಿಗೆ ಅಂತ ಬರೆದಿತ್ತಲ್ಲ, ನಾವು ಮಾರುತ್ತಲೇ ಇದ್ದೆವು. ಯಾವ ಮನುಷ್ಯನಿಗೂ ಅಷ್ಟು ದೊಡ್ಡ ಬಾಟಲಿ ಬೇಕಿಲ್ಲ ಅಂತ ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊನೆಗೆ 2015ರಲ್ಲಿ, ಮನುಷ್ಯರ ಬಾಟಲಿಯೂ 3 ಎಂಎಲ್ ಮೀರಬಾರದು ಅಂತ ಆದೇಶ ಬಂದ ಮೇಲೆ ಆ ದೊಡ್ಡ ಬಾಟಲಿ ನಿಂತಿತು.

ಆ ಸೂಜಿ ಹಾಕಿಸಿಕೊಂಡ ಪ್ರಾಣಿ ಒಂದೆರಡು ದಿನದಲ್ಲಿ ಸತ್ತರೆ, ಅದನ್ನು ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಅದೂ ಸಾಯುತ್ತದೆ. ನೂರು ಹೆಣದಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಔಷಧ ಇದ್ದರೂ ಸಾಕು, ಕುಲವೇ ಹೋಗುತ್ತದೆ. ಯಾಕೆಂದರೆ ಒಂದು ಹೆಣಕ್ಕೆ ಹತ್ತಾರು ಹದ್ದು ಮುತ್ತುತ್ತವೆ. ಬಿಳಿಬೆನ್ನಿನ ರಣಹದ್ದುಗಳು 1992ರಲ್ಲಿ ಸಾವಿರ ಇದ್ದ ಕಡೆ 2007ಕ್ಕೆ ಒಂದು ಉಳಿದಿತ್ತು. ಹದ್ದು ಹೋದ ಮೇಲೆ ಕೊಳೆತ ಹೆಣ, ಹೆಣಕ್ಕೆ ನಾಯಿ, ನಾಯಿಯಿಂದ ರೇಬೀಸ್. 2000ದಿಂದ 2005ರ ಒಳಗೆ ಇದರಿಂದ ಸುಮಾರು 5 ಲಕ್ಷ ಜನ ಹೆಚ್ಚಾಗಿ ಸತ್ತಿರಬಹುದು ಅಂತ 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಓದಿದ ದಿನ ನನಗೆ ಊಟ ಸೇರಲಿಲ್ಲ.

ಕುರಿ ಸಾಕುತ್ತಿದ್ದ ನಮ್ಮ ಮಾವನನ್ನು ಕೇಳಿದೆ, ನೀನು ಕಡೇ ಸಲ ರಣಹದ್ದು ಯಾವಾಗ ನೋಡಿದ್ದೆ ಅಂತ. "ನೀನು ಹೈಸ್ಕೂಲಲ್ಲಿದ್ದಾಗ ಇರಬೇಕು ಕಣೋ" ಅಂದ. ಆಮೇಲೆ, "ಅದು ಯಾಕೆ ಬರಲ್ಲ ಅಂತ ನಾವ್ಯಾರೂ ಕೇಳಲೇ ಇಲ್ಲ ನೋಡು" ಅಂದ. ನಾನು ಸುಮ್ಮನಾದೆ. ಬಾಟಲಿ ಕೊಟ್ಟವನು ನಾನು, ಚುಚ್ಚಿದವನು ಅವನು.

ಇದರಲ್ಲಿ ಇನ್ನೊಂದು ಮಾತಿದೆ. ಪರಿಹಾರವೂ ಅಗ್ಗದ ಔಷಧದಿಂದಲೇ ಬಂತು. ಮೆಲಾಕ್ಸಿಕಾಮ್ ಅನ್ನುವ ಇನ್ನೊಂದು ನೋವಿನ ಔಷಧ ಹದ್ದಿಗೆ ಏನೂ ಮಾಡುವುದಿಲ್ಲ ಅಂತ 2006ರಲ್ಲಿ ಗೊತ್ತಾಯಿತು. ಅದು ಒಂದೇ ಕಂಪನಿಯ ಕೈಯಲ್ಲಿ ಇರಲಿಲ್ಲ, ನಮ್ಮಲ್ಲಿ ಎಷ್ಟೋ ಜನ ಮಾಡುತ್ತಿದ್ದರು. ಅದಕ್ಕೇ ಕುರಿಯವರ ಕೈಗೆ ಎಟುಕಿತು. ದುಬಾರಿ ಆಗಿದ್ದರೆ ಯಾರು ಕೊಳ್ಳುತ್ತಿದ್ದರು? ಹಾಗಾಗಿ ಅಗ್ಗ ಆಗಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಔಷಧ ನಮ್ಮ ಮೈಯಿಂದ, ಫ್ಯಾಕ್ಟರಿಯಿಂದ ಹೊರಗೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಪೇಟೆಂಟ್ ಕೊಡುವವನೂ ಕೇಳಲ್ಲ, ಬೆಲೆ ಕಟ್ಟುವವನೂ ಕೇಳಲ್ಲ, ಮಾರುವ ನಾನಂತೂ ಕೇಳಿರಲೇ ಇಲ್ಲ. ನನ್ನ ತಕರಾರು ಅಷ್ಟೇ.

ಫ್ಯಾಕ್ಟರಿ ಕಥೆ ಇನ್ನೂ ದೊಡ್ಡದು. ಹೈದರಾಬಾದ್ ಪಕ್ಕದ ಪಟಾನ್‌ಚೆರು. ಸುಮಾರು 90 ಔಷಧ ಕಂಪನಿಗಳ ಕೊಳಚೆ ನೀರು ಅಲ್ಲಿನ ಒಂದು ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಸ್ವೀಡನ್ನಿನ ವಿಜ್ಞಾನಿಗಳು ಅಲ್ಲಿಂದ ಹೊರಬರುವ ನೀರನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಾಸಿನ್, ನಾವು ಸಿಪ್ರೋ ಅನ್ನುವ ಆಂಟಿಬಯಾಟಿಕ್. ಅಂದರೆ ಒಂದು ಕೊಡ ನೀರಿನಲ್ಲಿ ಹೆಚ್ಚುಕಡಿಮೆ ಒಂದು ಪೂರ್ತಿ 500 ಮಿಲಿಗ್ರಾಂ ಗುಳಿಗೆ. ಅದೂ ಶುದ್ಧ ಮಾಡಿ ಹೊರಗೆ ಬಿಟ್ಟ ನೀರಿನಲ್ಲಿ! ದಿನಕ್ಕೆ 45 ಕೆಜಿ ಸಿಪ್ರೋ ಹಳ್ಳಕ್ಕೆ ಹೋಗುತ್ತಿತ್ತು ಅಂತ ಅವರ ಅಂದಾಜು. ಅಂಗಡಿಯವನ ಲೆಕ್ಕದಲ್ಲಿ ದಿನಕ್ಕೆ 9,000 ಸ್ಟ್ರಿಪ್. ನಮ್ಮ ಬೀದಿಯ ಅಂಗಡಿಗಳೆಲ್ಲ ಸೇರಿದರೂ ಒಂದು ದಿನಕ್ಕೆ ಅಷ್ಟು ಸಿಪ್ರೋ ಮಾರಲ್ಲ.

ಆ ನೀರಿನಲ್ಲಿ ಬದುಕಿ ಉಳಿದ ಬ್ಯಾಕ್ಟೀರಿಯಾಕ್ಕೆ ಆಮೇಲೆ ಸಿಪ್ರೋ ಯಾವ ಲೆಕ್ಕ? ಡಾಕ್ಟರು ಬರೆದ ಆಂಟಿಬಯಾಟಿಕ್ ಹಿಡೀಲಿಲ್ಲ, ಇನ್ನೊಂದು ಬರೆದಿದ್ದಾರೆ ಅಂತ ವಾರಕ್ಕೆ ನಾಲ್ಕು ಜನ ನನ್ನ ಕೌಂಟರ್ ಮುಂದೆ ನಿಲ್ಲುತ್ತಾರೆ. ಎಲ್ಲಕ್ಕೂ ಪಟಾನ್‌ಚೆರು ಕಾರಣ ಅಲ್ಲ, ಚೀಟಿ ಇಲ್ಲದೆ ಎರಡು ಗುಳಿಗೆ ಕೊಡು ಅನ್ನುವವರೂ ಕಾರಣ, ಕೊಡುವವರೂ ಕಾರಣ.

ಸರಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. 2020ರ ಜನವರಿಯಲ್ಲಿ ಪರಿಸರ ಸಚಿವಾಲಯ ಒಂದು ಕರಡು ಹೊರಡಿಸಿತು. ಫ್ಯಾಕ್ಟರಿ ನೀರಿನಲ್ಲಿ ಯಾವ ಆಂಟಿಬಯಾಟಿಕ್ ಎಷ್ಟಿರಬಹುದು ಅಂತ ಅದರಲ್ಲಿ ಮಿತಿ ಇತ್ತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಪಟ್ಟಿಯೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಕೊಟ್ಟಿದೆ. ನಾವು ಒಂದು ಕೈಯಲ್ಲಿ ಬರೆದು ಇನ್ನೊಂದು ಕೈಯಲ್ಲಿ ಅಳಿಸಿ ಕೂತಿದ್ದೇವೆ.

ಮೇಷ್ಟ್ರೇ, ಕಡಿತ ಮಾಡಿದ್ದು ಇಲ್ಲಿ. ನಿಮ್ಮ ಗುಳಿಗೆ ಮಾಡಿದವರೇ ಹೀಗೆ ಮಾಡಿದ್ದಾರೆ ಅಂತಲ್ಲ. ಆದರೆ ಯಾರು ಕಡಿಮೆಗೆ ಕೊಡುತ್ತಾರೋ ಅವರಿಗೇ ಟೆಂಡರ್ ಅಂದಾಗ, ಎಲ್ಲರೂ ಮೊದಲು ಉಳಿಸುವುದು ಯಾರ ಕಣ್ಣಿಗೂ ಬೀಳದ ಖರ್ಚನ್ನು. ದುಬಾರಿ ಬ್ರ್ಯಾಂಡಿನವರು ಇದನ್ನು ಕೇಳಿ ಖುಷಿ ಪಡುವುದು ಬೇಡ. ಅವರೂ ಎಷ್ಟೋ ಕಚ್ಚಾ ಔಷಧ ಕೊಳ್ಳುವುದು ಇಂಥ ಊರುಗಳಿಂದಲೇ. ಮಂಡಕ್ಕಿ ಭಟ್ಟಿ ಪಕ್ಕದ ಮನೆಯವರು ಕೆಮ್ಮುತ್ತಾರೆ, ನಾವು ಖಾರಾ ಮಂಡಕ್ಕಿ ತಿಂದು ಮಿರ್ಚಿ ಕಡಿದು ಮನೆಗೆ ಹೋಗುತ್ತೇವೆ. ಹೊಗೆಯನ್ನು ಬಿಲ್ಲಿನಲ್ಲಿ ಹಾಕುವವರು ಯಾರು?

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಸಿಟಾಗ್ಲಿಪ್ಟಿನ್ ಅಂತ ಇನ್ನೊಂದು ಶುಗರ್ ಗುಳಿಗೆ. ಮೆರ್ಕ್ ಕಂಪನಿಯವರು ಅದನ್ನು ಮಾಡುವ ಹೊಸ ವಿಧಾನ ಹುಡುಕಿದಾಗ, ಒಂದು ಕೆಜಿ ಔಷಧಕ್ಕೆ 220 ಕೆಜಿ ಕಸ ಕಡಿಮೆಯಾಯಿತು. 2006ರಲ್ಲಿ ಅಮೆರಿಕ ಸರಕಾರ ಅದಕ್ಕೆ ಹಸಿರು ರಸಾಯನಶಾಸ್ತ್ರದ ಪ್ರಶಸ್ತಿ ಕೊಟ್ಟಿತು. ಆಮೇಲೆ ಕಿಣ್ವ ಬಳಸಿ ಅದನ್ನು ಇನ್ನೂ ಚೆನ್ನಾಗಿ ಮಾಡಿದರು, 2010ರಲ್ಲಿ ಮತ್ತೆ ಪ್ರಶಸ್ತಿ. 100 ಮಿಲಿಗ್ರಾಂನ ಹತ್ತು ಗುಳಿಗೆಯ ಒಂದು ಸ್ಟ್ರಿಪ್ ಹಿಡಿದು ನೋಡಿ. ಅದೊಂದರಿಂದಲೇ ಕಾಲು ಕೆಜಿ ಹತ್ತಿರದ ಕಸ ಉಳಿಯಿತು. ನನ್ನ ದೃಷ್ಟಿಯಲ್ಲಿ ಹೊಸ ಶೋಧ ಅಂದರೆ ಇದು. ಹಳೇ ಗುಳಿಗೆಗೆ ಬಣ್ಣ ಬದಲಿಸಿ ಹೆಸರಿನ ಮುಂದೆ ಎಸ್‌ಆರ್ ಅಂತ ಸೇರಿಸಿ ಕಂಪನಿಯ ರೆಪ್ ಕೈಲಿ ಡಾಕ್ಟರಿಗೆ ಪೆನ್ನು ಕೊಟ್ಟು ಕಳಿಸುವುದಲ್ಲ.

ಆದರೆ ಕೊಳೆ ಕಡಿಮೆ ಮಾಡುವ ವಿಧಾನವೂ ಪೇಟೆಂಟ್ ಬೀಗದೊಳಗೇ ಇರುತ್ತದೆ. ಸಿಟಾಗ್ಲಿಪ್ಟಿನ್ ಔಷಧದ ಪೇಟೆಂಟ್ 2022ರಲ್ಲಿ ಇಲ್ಲಿ ಮುಗಿಯಿತು, ರೇಟು ಬಿತ್ತು, ಹತ್ತಾರು ಹೆಸರಿನಲ್ಲಿ ಬಂತು. ಯಾವ ಸ್ಟ್ರಿಪ್ ಯಾವ ವಿಧಾನದ್ದು? ಬ್ಯಾಚ್ ನಂಬರ್ ಇದೆ, ಎಕ್ಸ್‌ಪೈರಿ ಇದೆ, ಎಂಆರ್‌ಪಿ ಇದೆ. ಇದು ಮಾತ್ರ ಇಲ್ಲ. ಸರಕಾರ ಜನೌಷಧಿಗೆ, ಜಿಲ್ಲಾಸ್ಪತ್ರೆಗೆ ಕೊಳ್ಳುವಾಗ ಇದೊಂದು ಪ್ರಶ್ನೆ ಟೆಂಡರಿನಲ್ಲಿ ಕೇಳಲಿ. ಗುಳಿಗೆಗೆ ನಾಲ್ಕಾಣೆ ಜಾಸ್ತಿ ಆದರೆ ಆಗಲಿ. ಹತ್ತು ಇದ್ದದ್ದು ಹತ್ತೂಕಾಲು ಆದರೆ ಮೇಷ್ಟ್ರು ಬೈಯಲ್ಲ. ಬೈದರೂ ನಾನು ಸಂಭಾಳಿಸ್ತೀನಿ.

ನಮ್ಮ ಅಂಗಡಿಯಲ್ಲಿ ಡೇಟ್ ಮುಗಿದ ಮಾಲು ಸ್ಟಾಕಿಸ್ಟ್‌ಗೆ ವಾಪಸ್ ಹೋಗುತ್ತದೆ. ಮನೆಗಳಲ್ಲಿ ಉಳಿದದ್ದಕ್ಕೆ ಆ ವ್ಯವಸ್ಥೆ ಇಲ್ಲ. ಅದು ಕಸದ ಬುಟ್ಟಿಗೆ, ಇಲ್ಲ ಬಚ್ಚಲಿಗೆ. ಮೊದಲೆಲ್ಲ ನಾನೇ ಒಡೆದ ಸಿರಪ್ ಬಾಟಲಿ ಸಿಂಕಿಗೆ ಬಗ್ಗಿಸಿದ್ದೇನೆ. ಈಗ ಕೌಂಟರ್ ಪಕ್ಕ ಒಂದು ರಟ್ಟಿನ ಡಬ್ಬ ಇಟ್ಟಿದ್ದೇನೆ, ಹಳೇ ಔಷಧ ಇಲ್ಲಿ ಹಾಕಿ ಅಂತ ಬರೆದು. ಪಕ್ಕದ ನರ್ಸಿಂಗ್ ಹೋಂನವರನ್ನು ಕೇಳಿದೆ, ನಿಮ್ಮ ಆಸ್ಪತ್ರೆ ಕಸದ ಹಳದಿ ಚೀಲದಲ್ಲಿ ಇದನ್ನೂ ಕಳಿಸ್ತೀರಾ ಅಂತ. ಎರಡು ತಿಂಗಳು ಕಳಿಸಿದರು. ಆಮೇಲೆ, ನಮ್ಮ ಲೆಕ್ಕ ತಪ್ಪುತ್ತೆ ಕಣ್ರೀ ಅಂದರು. ಅವರದ್ದೂ ತಪ್ಪಲ್ಲ.

ಹೋದ ವಾರ ಮೇಷ್ಟ್ರು ಬಂದಿದ್ದರು. ಕೈಯಲ್ಲಿ ಬಟ್ಟೆ ಚೀಲ. ಅವರ ಮನೆಯವರು ತೀರಿಕೊಂಡು ಎರಡು ವರ್ಷವಾಯಿತು, ಅವರ ಔಷಧಗಳು ಇನ್ನೂ ಗೋಡೆ ಬೀರುವಿನಲ್ಲೇ ಇದ್ದವಂತೆ. ಒಂದೊಂದೇ ತೆಗೆದು ಕೌಂಟರ್ ಮೇಲಿಟ್ಟರು. ಬಿಪಿ ಗುಳಿಗೆ, ಮಂಡಿನೋವಿಂದು, ಅರ್ಧ ಸ್ಟ್ರಿಪ್ ಸಿಪ್ರೋ. "ಇವನ್ನ ಎಲ್ಲಿ ಹಾಕ್ತಿಯಪಾ?" ಅಂದರು. ಡಬ್ಬ ತುಂಬಿತ್ತು. ಹಿಂದಿನ ರ‍್ಯಾಕಿನಿಂದ ಇನ್ನೊಂದು ಖಾಲಿ ರಟ್ಟಿನ ಡಬ್ಬ ತಂದು ಅವರ ಮುಂದೆ ಇಟ್ಟೆ.