ಬೆಂಗಳೂರು ಒಂದು ತಾಸಂತೆ!

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ ಅಂತ ಮೊಬೈಲ್‌ನಲ್ಲಿ ಹುಡುಕಿ. ಸುಮಾರು 460 ಕಿ.ಮೀ., ಒಂದು ತಾಸಿನ ಆಸುಪಾಸು ಅಂತ ಬರುತ್ತೆ. ಲೆಕ್ಕ ಸುಳ್ಳಲ್ಲ. ಆದರೆ ಅದನ್ನೇ ನಂಬಿ ಬೆಂಗಳೂರಲ್ಲಿ ಕೆಲಸಕ್ಕೆ ಟೈಮ್ ಕೊಟ್ಟವರ ಪಾಡು ಕೇಳಬೇಡಿ.

ಆ 460 ಅನ್ನೋದು ಭೂಪಟದ ಮೇಲೆ ನೇರ ಗೆರೆ ಎಳೆದು ಅಳೆದದ್ದು. ವಿಮಾನ ಹಾಗೆ ಹೋಗಲ್ಲ. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ನಾವು ಹೋಗೋದು ಉತ್ತರದಿಂದ. ಇಳಿಯೋ ಮುಂಚೆ ತಿರುಗಲೇಬೇಕು. ಜೆಟ್ ಆದರೆ ಬೇಗ, ರೆಕ್ಕೆಗೆ ಫ್ಯಾನ್ ಇರೋ ಎಟಿಆರ್ ಆದರೆ ತಾಸಿಗೆ 500 ಕಿ.ಮೀ. ಆಸುಪಾಸು. ಇಷ್ಟು ಹತ್ತಿರದ ದಾರಿಯಲ್ಲಿ ಏರೋದು ಇಳಿಯೋದರಲ್ಲೇ ಅರ್ಧ ಹೊತ್ತು ಹೋಗುತ್ತೆ.

ಇನ್ನು ನೆಲದ ಮೇಲಿನ ಕಥೆ. ನಮ್ಮ ವಿಮಾನ ನಿಲ್ದಾಣ ಇರೋದು ಊರಾಚೆ, ಶ್ರೀನಿವಾಸ ಸರಡಗಿ ಹತ್ತಿರ. ಊರೊಳಗಿನ ಸೂಪರ್ ಮಾರ್ಕೆಟ್ ಪ್ರದೇಶದ ಕಡೆಯಿಂದ ಆಟೊದಲ್ಲಿ ಅರ್ಧ ತಾಸು ಹಿಡಿಯಿರಿ. ಕೌಂಟರ್ ಒಂದು ತಾಸು ಮುಂಚೆ ಮುಚ್ಚುತ್ತೆ, ಹಾಗಾಗಿ ಇನ್ನೂ ಮೊದಲೇ ಹೋಗಿ ಕೂರಬೇಕು. ದೇವನಹಳ್ಳಿಯಲ್ಲಿ ಇಳಿದು, ಬ್ಯಾಗ್ ತಗೊಂಡು, ವಾಯುವಜ್ರ ಬಸ್ಸು ಹತ್ತಿ ಜಯನಗರ ಮುಟ್ಟೋ ಹೊತ್ತಿಗೆ ಹೆಬ್ಬಾಳದ ಟ್ರಾಫಿಕ್ ತನ್ನ ಪಾಲು ತಿಂದಿರುತ್ತೆ. ಕೆಲವು ದಿನ ಆಕಾಶದ 460 ಕಿ.ಮೀ.ಗಿಂತ ಈ 40 ಕಿ.ಮೀ.ಗೇ ಜಾಸ್ತಿ ಹೊತ್ತು. ಮನೆಯಿಂದ ಮನೆಗೆ ಐದು ತಾಸು ಅಂತ ಇಟ್ಟುಕೊಳ್ಳಿ.

ಯಾದಗಿರಿಯವರದ್ದು ಇನ್ನೂ ತಮಾಷೆ. ಬೆಂಗಳೂರು ಇರೋದು ದಕ್ಷಿಣಕ್ಕೆ. ಅವರು ಮೊದಲು ಉತ್ತರಕ್ಕೆ, ಕಲಬುರಗಿಗೆ ಬರಬೇಕು. ಆಮೇಲೆ ವಿಮಾನ ಹತ್ತಿದರೆ ನೇರ ಗೆರೆ ಹಾಯೋದು ಹೆಚ್ಚು ಕಡಿಮೆ ಅವರೂರಿನ ಹತ್ತಿರವೇ! ಬೀದರ್‌ಗೆ 2020ರ ಫೆಬ್ರುವರಿಯಲ್ಲಿ ವಿಮಾನ ಬಂತು, ನಡುವೆ ನಿಂತಿತು, ಮತ್ತೆ ಶುರುವಾಯಿತು. ನಿಂತಾಗೆಲ್ಲ ಅಲ್ಲಿನವರಿಗೆ ಹೈದರಾಬಾದೇ ಗತಿ.

2024ರ ಮಾರ್ಚ್‌ನಲ್ಲಿ ವಂದೇ ಭಾರತ್ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಹತ್ತಿರ ಹತ್ತಿರ ಒಂಬತ್ತು ತಾಸು, ಅದೂ ಹಗಲು ಹೊತ್ತು. ಇಡೀ ದಿನ ಹೋಯಿತು ಅಲ್ವಾ? ರಾತ್ರಿ ರೈಲು ಅದಕ್ಕಿಂತ ನಿಧಾನ. ಆದರೂ ಊಟ ಮುಗಿಸಿ ಬರ್ತ್ ಹಿಡಿದು ಮಲಗಿದರೆ ಖರ್ಚಾಗೋದು ನಿದ್ದೆಯ ಹೊತ್ತು. "ಕಾಕಾ, ಇನ್ನೂ ರೈಲಿನಾಗೇ ಬರ್ತೀರೇನ್ರಿ?" ಅಂತ ಬೆಂಗಳೂರಲ್ಲಿರೋ ನಮ್ಮ ಹುಡುಗ ನಗ್ತಾನೆ. ನಗಲಿ ಬಿಡಿ. ಬೆಳಗ್ಗೆ ಮುಖ ತೊಳೆದು ಹತ್ತೂವರೆಗೆ ಆಫೀಸಿನ ಮುಂದೆ ನಿಲ್ಲೋನು ನಾನು.

ಹಾಗಂತ ವಿಮಾನ ಬೇಡ ಅಂತಲ್ಲ. 2019ರ ನವೆಂಬರ್ 22ರಂದು ಇಲ್ಲಿಂದ ವಿಮಾನ ಹಾರಲು ಶುರುವಾಗಿದ್ದು ನಮಗೆ ಸಣ್ಣ ಮಾತಲ್ಲ. ನನ್ನ ತಕರಾರು ಟೈಮಿನ ಬಗ್ಗೆ. ಬೆಳಗ್ಗೆ ಹೋಗಿ, ಕೆಲಸ ಮುಗಿಸಿ, ಅದೇ ರಾತ್ರಿ ಮನೆಗೆ ಬರೋ ಹಾಗಿದ್ದರೆ ವ್ಯಾಪಾರಸ್ಥರು, ವಕೀಲರು, ಆಸ್ಪತ್ರೆಗೆ ಹೋಗೋರು ಎಲ್ಲ ಹತ್ತುತ್ತಾರೆ. ನಡು ಮಧ್ಯಾಹ್ನ ಕೊಂಡೊಯ್ದು ಬಿಟ್ಟರೆ ಲಾಡ್ಜ್ ಖರ್ಚು ಬೇರೆ. ಸಣ್ಣ ಊರುಗಳಿಗೂ ವಿಮಾನ ಬರಲಿ ಅಂತ ಕೇಂದ್ರ ತಂದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸರ್ಕಾರದ ಹಣದ ಆಸರೆ ಮೂರು ವರ್ಷ ಮಾತ್ರ. ಆಮೇಲೆ ಸೀಟು ತುಂಬಿದರಷ್ಟೇ ವಿಮಾನ. ನಮ್ಮ ಜನಪ್ರತಿನಿಧಿಗಳು ಹೊಸ ಊರಿಗೆ ವಿಮಾನ ಕೇಳೋ ಮೊದಲು ಬೆಂಗಳೂರಿಗೆ ಬೆಳಗ್ಗೆ ಒಂದು, ರಾತ್ರಿ ವಾಪಸ್ ಒಂದು ಕೇಳಲಿ. ಜೊತೆಗೆ ಆ ಟೈಮಿಗೆ ಸರಿಯಾಗಿ ಬಸ್ ಸ್ಟ್ಯಾಂಡಿನಿಂದ ಸರಡಗಿಗೆ ಒಂದು ಸಾರಿಗೆ ಬಸ್ಸು.